ಟ್ಯಾಂಕಿಗೆ ಚಳಿಗಾಲದ ಸುಣ್ಣ: ಕರಾವಳಿಯಲ್ಲಿ ನನ್ನ ಮತ ಹೇರ್‌ಸ್ಪ್ರೇಗೆ

1/35 ಅಳತೆಯ ಟ್ಯಾಂಕ್ ಮಾಡೆಲಿಗೆ ಹಿಮಗಾಲದ ಬಿಳಿ ಹಚ್ಚುವುದಾದರೆ ಮಂಗಳೂರಿನ ಹವೆಯಲ್ಲಿ ಹೇರ್‌ಸ್ಪ್ರೇ ವಿಧಾನದ (ಬಿಳಿಯ ಕೆಳಗೆ ಹೇರ್‌ಸ್ಪ್ರೇ ಪದರ ಹೊಡೆದು, ಆಮೇಲೆ ನೀರು ಸವರಿ ಕೆರೆಯುವುದು) ಎದುರು ಬೇರೇನೂ ನಿಲ್ಲುವುದಿಲ್ಲ. ಪುಟ್ಟ ಬಾಟಲಿಯಲ್ಲಿ ಬರುವ, ಆಮೇಲೆ ನೀರಿನಲ್ಲಿ ತೊಳೆದು ತೆಗೆಯಬಹುದಾದ ಬಿಳಿ ಬಣ್ಣ, ಉಪ್ಪು, ಪೋಸ್ಟರ್ ಕಲರ್, ಎಲ್ಲವನ್ನೂ ಬೇರೆ ಬೇರೆ ಮಾಡೆಲುಗಳ ಮೇಲೆ ನೋಡಿಯೇ ಹೇಳುತ್ತಿದ್ದೇನೆ.

1941ರ ಚಳಿಗಾಲದಲ್ಲಿ ಮಾಸ್ಕೋ ಹತ್ತಿರ ಜರ್ಮನ್ ಟ್ಯಾಂಕುಗಳು ಗಾಢ ಬೂದು ಬಣ್ಣದಲ್ಲೇ ಹಿಮಕ್ಕೆ ಸಿಕ್ಕಿದವು. ಬಿಳಿ ಪೇಂಟ್ ಸಾಕಷ್ಟು ಇರಲಿಲ್ಲ. ಸೈನಿಕರು ಸುಣ್ಣವನ್ನೋ ಚಾಕ್ ಪುಡಿಯನ್ನೋ ಕದಡಿ, ಬ್ರಶ್ಶು, ಪೊರಕೆ, ಕೈಗೆ ಸಿಕ್ಕಿದ್ದರಲ್ಲಿ ಬಳಿದರು. ಟರೆಟ್ಟಿನ (ಫಿರಂಗಿ ಇರುವ, ತಿರುಗುವ ಮೇಲ್ಭಾಗದ) ನಂಬರನ್ನು ಬಿಟ್ಟು ಅದರ ಸುತ್ತ ಮಾತ್ರ ಬಳಿದದ್ದು ಆಗಿನ ಫೋಟೋಗಳಲ್ಲಿ ಕಾಣುತ್ತದೆ. ನಮ್ಮ ಕಂಪೌಂಡ್ ಗೋಡೆಗೆ ಒರಗಿದರೆ ಅಂಗಿಗೆ ಹತ್ತುವ ಸುಣ್ಣದ ಹಾಗೆ, ಹತ್ತಿಳಿಯುವ ಜಾಗ, ಹ್ಯಾಚಿನ (ಒಳಗಿಳಿಯುವ ಮುಚ್ಚಳದ) ಅಂಚು, ಫೆಂಡರುಗಳಲ್ಲಿ ಅದು ಬೇಗ ಸವೆದು ಒಳಗಿನ ಬೂದು ಇಣುಕುತ್ತಿತ್ತು. ಆ ಇಣುಕುವಿಕೆ ಇಲ್ಲದ ಮಾಡೆಲು ಬರೀ ಬಿಳಿ ಆಟಿಕೆ.

ಬಾಟಲಿಯ ಬಿಳಿ ಇದನ್ನೇ ಸುಲಭ ಮಾಡಲೆಂದು ಬಂದದ್ದು. ಹಚ್ಚಿ, ಒಣಗಿದ ಮೇಲೆ ಒದ್ದೆ ಬ್ರಶ್ಶಿನಲ್ಲಿ ಉಜ್ಜಿದರೆ ಬೇಕಾದಲ್ಲಿ ಏಳುತ್ತದೆ. ಅವಸರವೇ ಇಲ್ಲ, ವಾರ ಕಳೆದ ಮೇಲೂ ತಿದ್ದಬಹುದು. ನನ್ನ ಸ್ಟುಗ್ (ಟರೆಟ್ ಇಲ್ಲದ, ಟ್ಯಾಂಕಿನಂಥ ಜರ್ಮನ್ ಗಾಡಿ) ಮೊದಲ ರಾತ್ರಿ ಬಹಳ ಚಂದ ಕಂಡಿತು.

ತೊಂದರೆ ಶುರುವಾದದ್ದು ಚೈನಿಗೆ ಬಣ್ಣ ಕೊಡಲು ಅದನ್ನು ಎತ್ತಿದಾಗ. ಮೇ ತಿಂಗಳಲ್ಲಿ ಇಲ್ಲಿ ಕೈ ಒಣಗಿರುವುದುಂಟಾ? ಬೆರಳು ತಾಗಿದಲ್ಲೆಲ್ಲ ಬಿಳಿ ಎದ್ದು ಬಂತು. ಗಾಡಿಯ ಒಡಲಿನ ಎರಡು ಬದಿ ಬೆರಳಚ್ಚಿನ ಆಕಾರದಲ್ಲೇ ಬೂದು. ಗ್ಲೌಸ್ ಹಾಕಿದೆ. ಬೆವರು ನಿಂತಿತು, ಆದರೆ ರಬ್ಬರು ಮೂಲೆಗಳನ್ನು ಉಜ್ಜಿ ತೆಗೆಯಿತು.

ಹಾಗಾದರೆ ವಾರ್ನಿಶ್ ಹೊಡೆದು ಗಟ್ಟಿ ಮಾಡುವ ಎಂದರೆ, ನೀರಿನ ವಾರ್ನಿಶ್ ಈ ಬಿಳಿಯನ್ನೇ ಕರಗಿಸಿತು. ಲ್ಯಾಕರ್ ವಾರ್ನಿಶ್ಶಿನ ಕತೆ ಇನ್ನೊಂದು: ಅದರ ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಪೊರೆ ಹಾಲಿನಂತೆ ಮಬ್ಬಾಗುತ್ತದೆ. ಬಿಳಿಯ ಮೇಲೆ ಈ ಮಬ್ಬು ತಿಳಿಯುವುದೇ ಇಲ್ಲ. ನಾನು ಕಷ್ಟಪಟ್ಟು ಹೊರಗೆ ತಂದ ಬೂದು ತೇಪೆಗಳ ಮೇಲೆಯೇ ಅದು ಕೂತಿತು, ಸವೆದ ಗುರುತೆಲ್ಲ ಮಂಜಿನೊಳಗೆ ಹೋಯಿತು. ಜನವರಿಯ ಒಣ ದಿನಕ್ಕೆ ಕಾಯಬಹುದು, ನಿಜ. ಅಲ್ಲಿಯವರೆಗೆ ಮಾಡೆಲನ್ನು ಮುಟ್ಟದೆ ಇಡುವುದು ಯಾರಿಂದಾದೀತು?

ಉಪ್ಪಿನ ಹರಳು ಅಂಟಿಸಿ, ಮೇಲೆ ಬಿಳಿ ಹೊಡೆದು, ಆಮೇಲೆ ಹರಳು ಉದುರಿಸುವ ವಿಧಾನ ಇಲ್ಲಿ ಬೇಡ. ಮಳೆಗಾಲದಲ್ಲಿ ಡಬ್ಬದೊಳಗೇ ನೀರು ಬಿಡುವ ಉಪ್ಪು ಮಾಡೆಲಿನ ಮೇಲೆ ಒಣಗಿ ಕೂರುವುದಿಲ್ಲ.

ಹೇರ್‌ಸ್ಪ್ರೇಯಲ್ಲಿ ಕರಗುವುದು ಬಿಳಿ ಅಲ್ಲ, ಅದರ ಕೆಳಗಿನ ಪದರ. ವ್ಯತ್ಯಾಸವೆಲ್ಲ ಇಲ್ಲಿಯೇ. ತಳದ ಬೂದಿಗೆ ಲ್ಯಾಕರ್ ಪೇಂಟನ್ನೇ ಹೊಡೆದು ಚೆನ್ನಾಗಿ ಒಣಗಿಸುತ್ತೇನೆ, ಅದು ನೀರಿಗೆ ಜಗ್ಗುವುದಿಲ್ಲ. ಮೇಲೆ ಹೇರ್‌ಸ್ಪ್ರೇ ತೆಳ್ಳಗೆ ಎರಡು ಸಲ. ಹಂಪನಕಟ್ಟೆಯ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ಅಗ್ಗದ್ದೇ ಸಾಕು, ಒಂದು ಕ್ಯಾನು ವರ್ಷಗಟ್ಟಲೆ ಬರುತ್ತದೆ. ಅದರ ಮೇಲೆ ತಮಿಯಾ ಕಂಪನಿಯ ಎಕ್ಸ್‌ಎಫ್-2 ಬಿಳಿಗೆ ಎಕ್ಸ್‌ಎಫ್-57 ಬಫ್ (ತಿಳಿ ಕಂದು) ಒಂದು ಹನಿ ಸೇರಿಸಿ ಏರ್‌ಬ್ರಶ್ಶಿನಲ್ಲಿ. ಅಚ್ಚ ಬಿಳಿ ಈ ಅಳತೆಗೆ ಕಣ್ಣಿಗೆ ಹೊಡೆಯುತ್ತದೆ. ಲ್ಯಾಕರ್ ತಿನ್ನರಿನಲ್ಲಿ ಮಾತ್ರ ಬಿಳಿಯನ್ನು ತೆಳು ಮಾಡಬೇಡಿ, ಕಚ್ಚಿಕೊಂಡು ಏಳುವುದಿಲ್ಲ. ಆಮೇಲೆ ನೀರು ಸವರಿ, ಗಟ್ಟಿ ಕೂದಲಿನ ಬ್ರಶ್ಶಿನಲ್ಲಿ ಹ್ಯಾಚಿನಿಂದ ಶುರು ಮಾಡಿದರೆ ಬಿಳಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ಉಳಿದ ಬಿಳಿ ಆಕ್ರಿಲಿಕ್ ಆದ್ದರಿಂದ ಪೂರ್ತಿ ಒಣಗಿದ ಮೇಲೆ ಕೈಗೆ ಹತ್ತುವುದಿಲ್ಲ.

ಒಂದೇ ಶರತ್ತು, ಬಿಳಿ ಹೊಡೆದ ದಿನವೇ ಕೆರೆದು ಮುಗಿಸಬೇಕು. ತಡವಾದಷ್ಟೂ ಬಣ್ಣ ಬಿಗಿಯುತ್ತದೆ. ಭಾನುವಾರ ಊಟ ಮುಗಿಸಿ ಸಂಜೆವರೆಗೆ ಒಂದೇ ಕಡೆ ಕೂರುವ ನನಗೆ ಅದು ಹೇಳಿ ಮಾಡಿಸಿದ್ದು. ದಿನಾ ಆಫೀಸಿನಿಂದ ಬಂದು ಅರ್ಧ ಗಂಟೆ ಮಾಡುವವರಿಗೆ, ಅದೂ ಎಸಿ ರೂಮು ಇದ್ದರೆ, ಬಾಟಲಿಯ ಬಿಳಿ ಆದೀತು. ಏರ್‌ಬ್ರಶ್ ಇಲ್ಲದವರು ಎರಡನ್ನೂ ಬಿಟ್ಟು ಸ್ಟೇಷನರಿ ಅಂಗಡಿಯ ಬಿಳಿ ಪೋಸ್ಟರ್ ಕಲರ್ ತನ್ನಿ. ಬೆವರಿಗೆ ಅದೂ ಏಳುತ್ತದೆ, ಹಾಗಾಗಿ ಚೈನು, ಚಕ್ರ ಎಲ್ಲ ಮುಗಿಸಿ ಕೊನೆಗೆ ಬಳಿಯಿರಿ. ಪೊರಕೆಯ ಗೆರೆಗಳು ಅದರಲ್ಲಿಯೇ ಎಲ್ಲಕ್ಕಿಂತ ಚೆನ್ನಾಗಿ ಮೂಡುತ್ತವೆ.