ತಪಾಸಣೆ ಫಾರ್ಮ್‌ಗೆ ಓಡಿಕೆ ಕಲೆಕ್ಟ್: ತಪ್ಪಿದ ಅಳತೆಯನ್ನೂ ಬರೆಯಲು ಬಿಡುವ ಆ್ಯಪ್

ಶಾಫ್ಟ್‌ನ ವ್ಯಾಸ 25 ಮಿ.ಮೀ., ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) 0.05 ಮಿ.ಮೀ. ಹೆಚ್ಚು ಅಥವಾ ಕಡಿಮೆ ಎಂದಿಟ್ಟುಕೊಳ್ಳಿ. ಕಾಗದದ ಚೆಕ್‌ಲಿಸ್ಟನ್ನು ಟ್ಯಾಬ್‌ಗೆ ತರುವವರಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸ, 24.95ರಿಂದ 25.05ರ ಆಚೆಗಿನ ಅಂಕಿ ಬರೆದರೆ ಫಾರ್ಮ್ ಮುಂದೆ ಹೋಗದಂತೆ ತಡೆ ಹಾಕುವುದು. 25.08 ಅಳೆದ ಇನ್‌ಸ್ಪೆಕ್ಟರ್ ಆಗ ಏನು ಮಾಡಬೇಕು? ಲೈನ್ ಓಡುತ್ತಿದೆ, ಫಾರ್ಮ್ ಬಿಡುತ್ತಿಲ್ಲ, 25.05 ಎಂದು ಒತ್ತಿ ಮುಂದಕ್ಕೆ ಹೋಗುತ್ತಾರೆ. ದೋಷ ಹಿಡಿಯಬೇಕಾದ ಫಾರ್ಮೇ ದೋಷವನ್ನು ಮುಚ್ಚಿಟ್ಟಂತಾಗುತ್ತದೆ.

ಫೋನ್ ಅಥವಾ ಟ್ಯಾಬ್‌ನಲ್ಲಿ ಫಾರ್ಮ್ ತುಂಬಿಸುವ ಆ್ಯಪ್ ಓಡಿಕೆ (ODK) ಕಲೆಕ್ಟ್ ಇಲ್ಲಿ ಗೆಲ್ಲುತ್ತದೆ. ಇದರ ಫಾರ್ಮನ್ನು ಎಕ್ಸೆಲ್ ಹಾಳೆಯಲ್ಲೇ ಬರೆಯಬಹುದು. ಬರೆಯಬಹುದಾದ ಅಂಕಿಗೆ ಮಿತಿ ಹಾಕುವ ‘ಕನ್‌ಸ್ಟ್ರೈಂಟ್’ ಕಾಲಂನಲ್ಲಿ 20ರಿಂದ 30ರ ಒಳಗೆ ಎಂದಷ್ಟೇ ಹಾಕಿ, 25.0 ಬದಲು 250 ಎಂದು ಬೆರಳು ಜಾರಿದರೆ ಹಿಡಿಯಲು ಅಷ್ಟು ಸಾಕು. ನಿಜವಾದ ಟಾಲರೆನ್ಸ್ ಹೋಗಬೇಕಾದ್ದು, ಪ್ರಶ್ನೆ ಯಾವಾಗ ಕಾಣಬೇಕೆಂದು ಹೇಳುವ ‘ರೆಲೆವೆಂಟ್’ ಕಾಲಂಗೆ. ಅಳತೆ ಮಿತಿ ಮೀರಿದರೆ ಮಾತ್ರ ಮೂರು ಹೊಸ ಪ್ರಶ್ನೆಗಳು ತೆರೆದುಕೊಳ್ಳಲಿ: ಮರು ಅಳತೆ ಎಷ್ಟು, ಫೋಟೊ, ಲಾಟ್ (ಒಟ್ಟಿಗೆ ತಯಾರಾದ ಪೀಸ್‌ಗಳ ಗುಂಪು) ಪ್ರತ್ಯೇಕಿಸಿ ಇಟ್ಟದ್ದು ಎಲ್ಲಿ. ಗೂಗಲ್ ಫಾರ್ಮ್ಸ್‌ನಲ್ಲಿ ಆಯ್ಕೆಯ ಉತ್ತರಗಳಿಂದ ಬೇರೆ ವಿಭಾಗಕ್ಕೆ ಹೋಗಬಹುದೇ ಹೊರತು ಬರೆದ ಅಂಕಿಯಿಂದ ಆಗುವುದಿಲ್ಲ. ನೆಟ್‌ವರ್ಕ್ ಇಲ್ಲದೆಡೆ ಅದು ಕೈಕೊಡುತ್ತದೆ. ಕಲೆಕ್ಟ್ ತುಂಬಿದ ಫಾರ್ಮನ್ನು ಸಾಧನದಲ್ಲೇ ಇಟ್ಟುಕೊಂಡು, ಸಂಪರ್ಕ ಸಿಕ್ಕಾಗ ಸರ್ವರ್‌ಗೆ ಕಳಿಸುತ್ತದೆ.

ಅಳತೆಯ ಪ್ರಶ್ನೆಗೆ ‘ಟೆಕ್ಸ್ಟ್’ ಅಲ್ಲ, ‘ಡೆಸಿಮಲ್’ ಪ್ರಕಾರವನ್ನೇ ಕೊಡಿ. ಇಲ್ಲದಿದ್ದರೆ ಒಬ್ಬರು ‘25’, ಇನ್ನೊಬ್ಬರು ‘25.01ಮಿಮೀ’ ಎಂದು ಬರೆದು, ಕಂಟ್ರೋಲ್ ಚಾರ್ಟ್ (ಅಳತೆಗಳ ಏರಿಳಿತ ತೋರಿಸುವ ನಕ್ಷೆ) ಎಳೆಯುವ ಹೊತ್ತಿಗೆ ಅರ್ಧ ದಿನ ಸ್ವಚ್ಛಗೊಳಿಸುವುದರಲ್ಲೇ ಕಳೆಯುತ್ತದೆ. ಐದು ಪೀಸ್‌ಗಳ ಸ್ಯಾಂಪಲ್ ಇದ್ದರೆ ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುವ ‘ರಿಪೀಟ್’ ಗುಂಪು ಮಾಡಿ, ಎಣಿಕೆಯನ್ನು 5ಕ್ಕೆ ಕಟ್ಟಿ, ಪ್ರತಿ ಪೀಸ್‌ನ ಅಂಕಿಯನ್ನೂ ಬೇರೆ ಬೇರೆ ಪಡೆಯಿರಿ. ಸರಾಸರಿಯೊಂದನ್ನೇ ಕೇಳಿದರೆ 24.90 ಮತ್ತು 25.10 ಸೇರಿ ಚೊಕ್ಕ 25 ಆಗಿ ಕಾಣುತ್ತವೆ.

ಕಣ್ಣಿನಿಂದ ನೋಡುವ ತಪಾಸಣೆಯಲ್ಲಿ ‘ಸರಿ’ ಎಂಬುದನ್ನು ಮೊದಲೇ ಗುರುತು ಮಾಡಿಡಬೇಡಿ. ನೋಡದ ಪೀಸ್ ಕೂಡ ಪಾಸ್ ಆಗಲು ಅದೊಂದೇ ಸಾಕು. ‘ಅನ್ವಯಿಸುವುದಿಲ್ಲ’ ಎಂಬ ಮೂರನೆಯ ಆಯ್ಕೆ ಇರಲೇಬೇಕು. ಫೋಟೊ ಪ್ರತಿ ಹಂತಕ್ಕೂ ಕಡ್ಡಾಯವಾದರೆ ನೆಲದ ಚಿತ್ರಗಳೇ ತುಂಬುತ್ತವೆ; ದೋಷ ಕಂಡಲ್ಲಿ ಮಾತ್ರ ಕೇಳಿ, ಚಿತ್ರದ ಗಾತ್ರಕ್ಕೆ ಮಿತಿ ಹಾಕುವ ‘ಮ್ಯಾಕ್ಸ್ ಪಿಕ್ಸೆಲ್ಸ್’ 1024ಕ್ಕೆ ಇಳಿಸಿ. ಗೀರು ಕಾಣುವಷ್ಟು ಸ್ಪಷ್ಟತೆ ಉಳಿಯುತ್ತದೆಯೇ ಎಂದು ನಿಮ್ಮ ಬೆಳಕಿನಲ್ಲಿ ತೆಗೆದು ನೋಡಿದ ಮೇಲೆ ಮಿತಿ ಗಟ್ಟಿಮಾಡಿ.

ಇದರ ಬಾರ್‌ಕೋಡ್ ಪ್ರಶ್ನೆ ನಿಜಕ್ಕೂ ಉಪಯುಕ್ತ. ಲಾಟ್ ನಂಬರ್ ಜೊತೆಗೆ ಗೇಜ್‌ನ (ಅಳೆಯುವ ಉಪಕರಣದ) ನಂಬರನ್ನೂ ಸ್ಕ್ಯಾನ್ ಮಾಡಿಸಿ. ಗೇಜ್‌ಗಳ ಕ್ಯಾಲಿಬ್ರೇಷನ್ (ನಿಖರತೆಯ ಪರೀಕ್ಷೆ) ಗಡುವನ್ನು ಸಿಎಸ್‌ವಿ ಫೈಲ್‌ನ ಪಟ್ಟಿಯಾಗಿ ಫಾರ್ಮ್‌ಗೆ ಸೇರಿಸಿದರೆ, ಪಟ್ಟಿಯಿಂದ ಮಾಹಿತಿ ತರುವ ‘ಪುಲ್‌ಡೇಟಾ’ ಮೂಲಕ ಗಡುವು ಹುಡುಕಿ ಇಂದಿನ ದಿನಾಂಕದೊಂದಿಗೆ ಹೋಲಿಸಬಹುದು. ಗಡುವು ಮೀರಿದ ಮೈಕ್ರೋಮೀಟರ್‌ಗೆ ಮಾತ್ರ ಫಾರ್ಮ್ ಖಡಾಖಂಡಿತವಾಗಿ ನಿಲ್ಲಲಿ, ಇಲ್ಲಿ ತಡೆ ಹಾಕುವುದೇ ಸರಿ. ‘ಸ್ಟಾರ್ಟ್’ ಮತ್ತು ‘ಎಂಡ್’ ಎಂಬ ಎರಡು ಸಾಲು ಸೇರಿಸಿದರೆ ತುಂಬಿದ ಸಮಯ ತಾನೇ ದಾಖಲಾಗುತ್ತದೆ. 20 ಅಳತೆಗಳು 40 ಸೆಕೆಂಡಿನಲ್ಲಿ ಮುಗಿದಿದ್ದರೆ ಹೋಗಿ ವಿಚಾರಿಸಬೇಕು. ಆದರೆ ಆ ಸಮಯ ಸಾಧನದ ಗಡಿಯಾರದ್ದು, ಟ್ಯಾಬ್‌ನ ಗಡಿಯಾರ ತಪ್ಪಿದ್ದರೆ ದಾಖಲೆಯೂ ತಪ್ಪು.

ಕೊರತೆಗಳೂ ಇವೆ. ಕಲೆಕ್ಟ್ ಇರುವುದು ಆಂಡ್ರಾಯ್ಡ್‌ಗೆ ಮಾತ್ರ. ಐಫೋನ್‌ನವರು ಬ್ರೌಸರ್ ಫಾರ್ಮ್‌ನಲ್ಲೇ ಸುಧಾರಿಸಬೇಕು. ಅಳತೆ ತಪ್ಪಿದೊಡನೆ ಮೇಲ್ವಿಚಾರಕರಿಗೆ ತಾನಾಗಿ ಸಂದೇಶ ಹೋಗುವ ಏರ್ಪಾಡನ್ನು ಹೊರಗಿನಿಂದ ಜೋಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಕೆಂಪು ಟ್ಯಾಗ್ ಮತ್ತು ಒಂದು ಫೋನ್ ಕರೆಯನ್ನು ಬಿಡಬೇಡಿ.

ಡ್ರಾಯಿಂಗ್ ಬದಲಾದಾಗ ಫಾರ್ಮ್‌ನ ಆವೃತ್ತಿ ಸಂಖ್ಯೆಯನ್ನೂ ಬದಲಿಸಿ, ಟ್ಯಾಬ್‌ಗಳಲ್ಲಿ ಹೊಸದು ಇಳಿದಿದೆಯೇ ಎಂದು ಒಂದೊಂದಾಗಿ ನೋಡಿ. ಪರದೆಯಲ್ಲಿ ಕಾಣುವ ‘ಲೇಬಲ್’ ಎಷ್ಟು ಬೇಕಾದರೂ ತಿದ್ದಿ, ಉತ್ತರ ಯಾವ ಹೆಸರಿನಲ್ಲಿ ದಾಖಲಾಗಬೇಕೆಂದು ಹೇಳುವ ‘ನೇಮ್’ ಕಾಲಂ ಮುಟ್ಟಬೇಡಿ. ಅದನ್ನು ಬದಲಿಸಿದರೆ ಒಂದೇ ವ್ಯಾಸದ ಅಂಕಿಗಳು ಎರಡು ಕಾಲಂಗಳಲ್ಲಿ ಹಂಚಿಹೋಗುತ್ತವೆ.