ಮನೆ ಕಾಗದ, ತೆರಿಗೆ ನೋಟಿಸ್, ಕದ್ದ ಪ್ಯಾನ್: ವಿಜಯಪುರ ಭಾಗದಲ್ಲಿ ಖರ್ಚಿಲ್ಲದೆ ಸಿಗುವ ನೆರವು ಹೇಗಿದೆ?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ಕೋರ್ಟ್ ಆವರಣದಲ್ಲಿ, ಉಚಿತವಾಗಿ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಜೀವನಾಂಶ, ಅಪಘಾತ ಪರಿಹಾರದಂಥ ಕೇಸುಗಳಿಗೆ ಮಾತ್ರ ಆ ಬಾಗಿಲು ಅಂತ ತಿಳಿದವರೇ ಹೆಚ್ಚು. ಮನೆ ಸಾಲಕ್ಕೆ ಜಪ್ತಿ ನೋಟಿಸ್ ಬಂದವರು, ತಮ್ಮ ಆಧಾರ್-ಪ್ಯಾನ್ ಇಟ್ಟು ಯಾರೋ ಎತ್ತಿದ ಸಾಲಕ್ಕೆ ವಸೂಲಿ ಫೋನು ಕೇಳಿ ನಿದ್ದೆಗೆಟ್ಟವರು ಅಲ್ಲಿಗೆ ಹೋಗುವುದೇ ಇಲ್ಲ. ಹೋಗಬೇಕು. ಆದರೆ ಯಾವ ಕೆಲಸಕ್ಕೆ ಹೋಗಬೇಕು, ಯಾವುದಕ್ಕೆ ಹೋದರೆ ದಿನ ಹಾಳು ಅನ್ನುವುದು ಗೊತ್ತಿರಬೇಕು. ಕೋರ್ಟ್ ಮೆಟ್ಟಿಲು ಹತ್ತುವ ವಿಷಯಕ್ಕೆ ಈ ಸೇವೆ ನಿಜಕ್ಕೂ ಗಟ್ಟಿ. ತೆರಿಗೆಗೆ ಅಷ್ಟಕ್ಕಷ್ಟೆ. ಖಾತೆಯಿಂದ ಹಣ ಹೋದ ಮೊದಲ ಕೆಲವು ಗಂಟೆಗಳಲ್ಲಿ ಅದರಿಂದ ಉಪಯೋಗವಿಲ್ಲ, ಆಗ ಬೇರೆ ಕಡೆ ಓಡಬೇಕು.

ಮೊದಲು ಯಾರಿಗೆ ಸಿಗುತ್ತದೆ ಅನ್ನುವುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಇವರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿ ಮಿತಿ. ಇಲ್ಲಿ ಬಹಳ ಮನೆಗಳು ಒಂದು ವಿಷಯ ಮರೆಯುತ್ತವೆ: ಮನೆ ಹೆಂಡತಿ ಅಥವಾ ತಾಯಿ ಹೆಸರಲ್ಲಿದ್ದರೆ, ಸಾಲದಲ್ಲಿ ಅವರು ಜಂಟಿ ಸಾಲಗಾರರಾಗಿದ್ದರೆ, ಅರ್ಜಿ ಅವರ ಹೆಸರಲ್ಲೇ ಹಾಕಬಹುದು, ಆದಾಯ ಪ್ರಮಾಣಪತ್ರದ ಗೊಡವೆ ಇಲ್ಲ. ವಕೀಲರ ಫೀ, ಕೋರ್ಟ್ ಫೀ, ನಕಲು ಪ್ರತಿಯ ಖರ್ಚು ಎಲ್ಲ ಪ್ರಾಧಿಕಾರದ್ದು. ನೇಮಿಸಿಕೊಟ್ಟ ಪ್ಯಾನಲ್ ವಕೀಲರು 'ಟೈಪಿಂಗ್‌ಗೆ', 'ಓಡಾಟಕ್ಕೆ' ಅಂತ ಕೇಳಿದರೆ ಕೊಡಬೇಕಾಗಿಲ್ಲ, ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದುಕೊಟ್ಟರೆ ವಕೀಲರನ್ನು ಬದಲಿಸಲು ಅವಕಾಶವಿದೆ. ತಾಲ್ಲೂಕು ಕೋರ್ಟುಗಳಲ್ಲೂ ಸಮಿತಿಗಳಿವೆ. ಹಾಗಾಗಿ ಇಂಡಿ, ಜಮಖಂಡಿ, ಅಥಣಿಯವರು ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತುವ ಮೊದಲು ಅಲ್ಲೇ ಕೇಳಬೇಕು. ಫೋನಿನಲ್ಲಿ ಕೇಳಲು 15100.

ಒಯ್ಯಬೇಕಾದ ಕಾಗದಗಳ ಬಗ್ಗೆ ಎರಡು ಮಾತು. ಅಲ್ಲಿನ ವಕೀಲರಿಗೆ ನಿಮ್ಮ ಕಥೆಗಿಂತ ಮೊದಲು ತಾರೀಖು ಬೇಕು. ಒಂದು ಬಿಳಿ ಹಾಳೆಯ ಮೇಲೆ ಯಾವ ದಿನ ಏನಾಯಿತು, ಯಾವ ನೋಟಿಸ್ ಯಾವ ದಿನ ಕೈಸೇರಿತು ಅನ್ನುವುದನ್ನು ಸಾಲಾಗಿ ಬರೆದು ಒಯ್ದರೆ ಅರ್ಧ ಕೆಲಸ ಮುಗಿದಂತೆ. ನೋಟಿಸ್ ಬಂದ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆ ಸಾಕ್ಷಿ. ಮನೆಯ ವಿಷಯವಾದರೆ ಖರೇದಿ ಪತ್ರ, ಸಿಟಿ ಸರ್ವೆ ಅಥವಾ ಪಂಚಾಯಿತಿ ಉತಾರ, ತೆರಿಗೆ ರಸೀದಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ತೆಗೆದ ಋಣಭಾರ ಪತ್ರ (ಇಸಿ). ಋಣಭಾರ ಪತ್ರವನ್ನು ಮನೆ ಕೊಂಡ ವರ್ಷದಿಂದ ಈವರೆಗೆ ತೆಗೆಸಬೇಕು. ಹತ್ತು ವರ್ಷದ್ದಷ್ಟೇ ತೆಗೆದರೆ ಅದಕ್ಕಿಂತ ಹಿಂದಿನ ಅಡಮಾನ ಕಾಣುವುದಿಲ್ಲ. ನೋಂದಣಿಯಾಗದ ಕರಾರುಗಳಂತೂ ಅದರಲ್ಲಿ ಬರುವುದೇ ಇಲ್ಲ.

ಜಪ್ತಿ ನೋಟಿಸ್ ವಿಷಯದಲ್ಲಿ ಜನ ಎಡವುವುದು ದಿನದ ಲೆಕ್ಕದಲ್ಲಿ. ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಬಂದರೆ 60 ದಿನ ಇರುತ್ತದೆ. ಆ ಅವಧಿಯಲ್ಲಿ ಬರಹದಲ್ಲಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರಿಸಲೇಬೇಕು. 60 ದಿನ ಸುಮ್ಮನಿದ್ದು ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿದ ಮೇಲೆ ಸ್ಥಳೀಯ ಸಿವಿಲ್ ಕೋರ್ಟಿಗೆ ತಡೆಯಾಜ್ಞೆಗೆ ಹೋಗುವವರು ಇದ್ದಾರೆ. ಇದೇ ದೊಡ್ಡ ತಪ್ಪು. ಈ ಕಾಯ್ದೆಯ 34ನೇ ಕಲಂ ಸಿವಿಲ್ ಕೋರ್ಟಿನ ಕೈ ಕಟ್ಟಿದೆ. ಹೋಗಬೇಕಾದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ, 45 ದಿನದೊಳಗೆ. ಅದು ಇರುವುದು ಬೆಂಗಳೂರಿನಲ್ಲಿ. ಸಿವಿಲ್ ಕೋರ್ಟಿನಲ್ಲಿ ದಾವೆ ತಿರಸ್ಕೃತವಾಗುವಷ್ಟರಲ್ಲಿ ಆ 45 ದಿನ ಕಳೆದುಹೋಗಿರುತ್ತದೆ. ಪ್ರಾಧಿಕಾರದ ನೆರವು ಇಲ್ಲಿ ಮೊದಲ 60 ದಿನದೊಳಗೆ ಕೇಳಿದರೆ ಬಹಳ ಉಪಯುಕ್ತ, ಆಕ್ಷೇಪಣೆ ಬರೆಸಿಕೊಳ್ಳಬಹುದು. ಇನ್ನೆರಡು ಅಂಶ ಪರಿಶೀಲಿಸಿ: ಬಾಕಿ ಉಳಿದದ್ದು ಅಸಲು-ಬಡ್ಡಿಯ 20%ಕ್ಕಿಂತ ಕಡಿಮೆಯಿದ್ದರೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಕೃಷಿ ಜಮೀನಿಗೂ ಅನ್ವಯಿಸುವುದಿಲ್ಲ. ಎನ್‌ಎ (ಕೃಷಿಯೇತರ ಪರಿವರ್ತನೆ) ಆಗದ ಜಾಗದಲ್ಲಿ ಮನೆ ಕಟ್ಟಿದವರು ಉತಾರವನ್ನು ವಕೀಲರಿಗೆ ತೋರಿಸಲೇಬೇಕು.

ಸಾಲ ತೀರಿಸಿದವರಿಗೆ ಇರುವ ಹಕ್ಕು ಇನ್ನೂ ಸರಳ, ಆದರೂ ಕೇಳುವವರು ಕಡಿಮೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2023ರ ಡಿಸೆಂಬರ್ 1ರ ನಂತರ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಕಾಗದಪತ್ರ ವಾಪಸ್ ಕೊಟ್ಟು, ನೋಂದಾಯಿತ ಅಡಮಾನವನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಕಾಗದ ಕೈಗೆ ಬಂತು ಅಂತ ಸುಮ್ಮನಾಗದೆ ಒಂದು ತಿಂಗಳ ನಂತರ ಹೊಸ ಋಣಭಾರ ಪತ್ರ ತೆಗೆದು, ಉತಾರದ ಮೇಲಿನ ಬೋಜಾ ಇಳಿದಿದೆಯೇ ನೋಡಿ. ಮುಂದೆ ಮನೆ ಮಾರುವಾಗ ಈ ಒಂದು ಸಾಲು ಉಳಿದಿದ್ದಕ್ಕೇ ವ್ಯವಹಾರ ನಿಲ್ಲುತ್ತದೆ.

ಈಗ ಗುರುತು ಕಳವಿಗೆ ಬರೋಣ. ಖಾತೆಯಿಂದ ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930, ಆಮೇಲೆ ಬೇರೆಲ್ಲ. ಫೋನ್ ಹಚ್ಚುವ ಮೊದಲು ನಾಲ್ಕು ವಿವರ ಎದುರಿಗೆ ಇಟ್ಟುಕೊಳ್ಳಿ: ನಿಮ್ಮ ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ಮತ್ತು ವಹಿವಾಟಿನ ಯುಟಿಆರ್ ಸಂಖ್ಯೆ. ಯುಪಿಐ ಆಪ್‌ನಲ್ಲಿ ಆ ವಹಿವಾಟನ್ನು ಒತ್ತಿದರೆ 12 ಅಂಕಿಯ ಸಂಖ್ಯೆ ಕಾಣುತ್ತದೆ, ಅದೇ. ಹಣ ಯಾವ ಖಾತೆಗೆ ಹೋಯಿತು, ಅಲ್ಲಿಂದ ಮುಂದೆ ಎಲ್ಲಿಗೆ ಹಾರಿತು ಅಂತ ಹಿಂಬಾಲಿಸಿ ತಡೆಯುವುದು ಆ ಸಂಖ್ಯೆಯ ಮೇಲೆ. ಅದಿಲ್ಲದೆ 'ಹತ್ತು ಸಾವಿರ ಹೋತ್ರೀ' ಅಂದರೆ ತಡೆಯುವುದು ಯಾವುದನ್ನು? 1930ರ ಲೈನ್ ಸಿಗದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೇ ದೂರು ಹಾಕಿ. ಫೋನಿನಲ್ಲಿ ದೂರು ಕೊಟ್ಟಿದ್ದರೂ ಪೋರ್ಟಲ್‌ನಲ್ಲಿ ಅದನ್ನು ಪೂರ್ತಿ ಮಾಡಬೇಕು, ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ. ಗುರುತು ಕಳವಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಇದೆ, ಮೂರು ವರ್ಷದವರೆಗೆ ಶಿಕ್ಷೆ. ದೂರಿನಲ್ಲಿ ಈ ಕಲಂ ಬರೆಯಿರಿ.

1930ಕ್ಕೆ ಹೇಳಿದರೆ ಬ್ಯಾಂಕಿಗೆ ಹೇಳಿದಂತೆ ಅಂತ ನಂಬಬೇಡಿ. ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ ದಿನ ಎಣಿಸುವುದು ವಹಿವಾಟಿನ ಬಗ್ಗೆ ಬ್ಯಾಂಕಿನ ಸಂದೇಶ ನಿಮಗೆ ಬಂದ ನಂತರ, ನೀವು ಬ್ಯಾಂಕಿಗೆ ತಿಳಿಸುವವರೆಗೆ. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಮೂರನೆಯವರ ಕೈವಾಡ ಅಂದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿವರೆಗೆ ನೀವು ಹೊರಬೇಕು. ಒಟಿಪಿ ನೀವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಅದಕ್ಕೇ ಶಾಖೆಗೆ ಹೋಗಿ ಬಾಯಲ್ಲಿ ಹೇಳಿ ಬರುವುದು ಸಾಲದು. ಎರಡು ಪ್ರತಿ ಅರ್ಜಿ ಒಯ್ದು, ಒಂದರ ಮೇಲೆ ತಾರೀಖು, ಸಮಯ, ಸೀಲು ಹಾಕಿಸಿಕೊಂಡು ಬನ್ನಿ. ಬ್ಯಾಂಕು 30 ದಿನದಲ್ಲಿ ಪರಿಹರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೂ ಫೀ ಇಲ್ಲ. ಅಲ್ಲಿ ಮೊದಲು ಕೇಳುವುದು ಆ ಸೀಲು ಬಿದ್ದ ಪ್ರತಿಯನ್ನೇ.

ತಡೆಹಿಡಿದ ಹಣ ಸಾಮಾನ್ಯವಾಗಿ ತಾನಾಗಿ ಖಾತೆಗೆ ಮರಳುವುದಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ (ಹೊಸ ಅಪರಾಧ ಪ್ರಕ್ರಿಯಾ ಕಾನೂನು) 503ನೇ ಕಲಂ ಅಡಿ ಅರ್ಜಿ ಹಾಕಿ ಆದೇಶ ಪಡೆಯಬೇಕಾಗಬಹುದು. ಕಾನೂನು ಸೇವಾ ಪ್ರಾಧಿಕಾರ ನಿಜವಾಗಿ ನೆರವಿಗೆ ಬರುವುದು ಇಲ್ಲಿ. ಹೋಗಿರುವುದು ಎಂಟು-ಹತ್ತು ಸಾವಿರ ಅಂದರೆ ಖಾಸಗಿ ವಕೀಲರ ಫೀಯೇ ಅಷ್ಟಾಗುತ್ತದೆ ಅಂತ ಜನ ಕೈಬಿಡುತ್ತಾರೆ. ಉಚಿತ ವಕೀಲರಿದ್ದರೆ ಬಿಡಬೇಕಾಗಿಲ್ಲ.

ಹಣ ಹೋಗಿಲ್ಲ, ಆದರೆ ನಿಮ್ಮ ಹೆಸರಲ್ಲಿ ಸಾಲ ಎದ್ದಿದೆ ಅನ್ನುವ ಪ್ರಕರಣ ಬೇರೆ ಥರ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಇರಬಹುದು, ನಾಲ್ಕನ್ನೂ ತೆಗೆಯಿರಿ. ತಪ್ಪು ಸಾಲದ ಮೇಲೆ ಆಕ್ಷೇಪಣೆ ಹಾಕಿದರೆ 30 ದಿನದೊಳಗೆ ಸರಿಪಡಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ನಿಮಗೆ ಬರಬೇಕು. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವಸೂಲಿಯವರು 'ಬರೀ ಎರಡು ಸಾವಿರ ಕಟ್ಟಿ, ಫೈಲ್ ಮುಚ್ಚುತ್ತೇವೆ' ಅನ್ನುತ್ತಾರೆ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡಂತೆ, ವರದಿಯಲ್ಲಿ 'ಸೆಟಲ್ಡ್' ಅನ್ನುವ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ನೀವು ಕೇಳಬೇಕಾದ್ದು ಖಾತೆಯನ್ನು ವರದಿಯಿಂದ ಪೂರ್ತಿ ಅಳಿಸಿ ಅಂತ, ಪೊಲೀಸ್ ದೂರಿನ ಪ್ರತಿ ಲಗತ್ತಿಸಿ.

ತೆರಿಗೆಯ ಕಡೆ ಪ್ಯಾನಲ್ ವಕೀಲರಿಂದ ಹೆಚ್ಚು ನಿರೀಕ್ಷೆ ಬೇಡ, ರಿಟರ್ನ್ ತುಂಬುವುದು ಅವರ ಕೆಲಸವಲ್ಲ. ಒಳ್ಳೆಯ ಸುದ್ದಿ ಅಂದರೆ ಪೋರ್ಟಲ್‌ನಲ್ಲಿ ನಾವೇ ಮಾಡಿಕೊಳ್ಳುವಷ್ಟು ಸಲೀಸು ಇದೆ. ನೋಟಿಸ್ ಅಂತ ಮೆಸೇಜ್ ಬಂದರೆ ಅದರಲ್ಲಿನ ಲಿಂಕ್ ಒತ್ತದೆ, ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ತಾಣಕ್ಕೆ ಹೋಗಿ, ನೋಟಿಸಿನ ಮೇಲಿರುವ ಗುರುತಿನ ಸಂಖ್ಯೆ, ಅಂದರೆ ಡಿಐಎನ್ ಹಾಕಿ ಅಸಲಿಯೋ ನಕಲಿಯೋ ನೋಡಿ. ಲಾಗಿನ್ ಸಹ ಬೇಕಿಲ್ಲ. ಆಮೇಲೆ ಲಾಗಿನ್ ಆಗಿ ಎಐಎಸ್ (ನಿಮ್ಮ ಪ್ಯಾನ್‌ಗೆ ದಾಖಲಾದ ಆದಾಯ-ವಹಿವಾಟಿನ ವಾರ್ಷಿಕ ಪಟ್ಟಿ) ತೆರೆಯಿರಿ. ನೀವು ಎಂದೂ ಕೆಲಸ ಮಾಡದ ಕಂಪನಿಯ ಸಂಬಳ, ನಿಮ್ಮದಲ್ಲದ ಖಾತೆಯ ಬಡ್ಡಿ ಕಂಡರೆ ಆ ಸಾಲಿನ ಮೇಲೆ ಪ್ರತಿಕ್ರಿಯೆ ಹಾಕುವ ಆಯ್ಕೆ ಇದೆ. ಇಲ್ಲಿ ಬಹಳ ಜನ 'ಬೇರೆ ಪ್ಯಾನ್‌ಗೆ ಸೇರಿದ್ದು' ಅನ್ನುವುದನ್ನು ಒತ್ತುತ್ತಾರೆ. ಆಗ ಆ ಬೇರೆ ಪ್ಯಾನ್ ಯಾವುದು ಅಂತ ಕೇಳುತ್ತದೆ, ಕಳ್ಳನ ಪ್ಯಾನ್ ನಿಮಗೆಲ್ಲಿ ಗೊತ್ತು? 'ಮಾಹಿತಿ ನಿರಾಕರಿಸಲಾಗಿದೆ' ಅನ್ನುವುದನ್ನೇ ಆರಿಸಿ, ಸ್ವೀಕೃತಿಯನ್ನು ಇಳಿಸಿಟ್ಟುಕೊಳ್ಳಿ. ರಿಟರ್ನ್ ತುಂಬುವ ಮೊದಲು ಇದನ್ನು ಮಾಡಬೇಕು.

ಮನೆ, ತೆರಿಗೆ, ಗುರುತು ಮೂರೂ ಒಂದೇ ಕಡೆ ಸೇರುವುದು ಹೆಸ್ಕಾಂ ಬಿಲ್ಲಿನಲ್ಲಿ. ಜಿಎಸ್‌ಟಿ ನೋಂದಣಿಗೆ ಅಂಗಡಿಯ ವಿಳಾಸದ ಪುರಾವೆಯಾಗಿ ವಿದ್ಯುತ್ ಬಿಲ್, ಜತೆಗೊಂದು ಬಾಡಿಗೆ ಕರಾರು ಕೊಡುವ ಪದ್ಧತಿ ಇದೆ. ಝೆರಾಕ್ಸ್ ಅಂಗಡಿಯಲ್ಲಿ ಉಳಿದ ನಿಮ್ಮ ಬಿಲ್ಲಿನ ಪ್ರತಿಗೆ ನಕಲಿ ಕರಾರು ಸೇರಿಸಿದರೆ ನಿಮ್ಮ ಮನೆಯಲ್ಲಿ ಕಾಗದದ ಮೇಲೊಂದು ಕಂಪನಿ ಹುಟ್ಟುತ್ತದೆ. ಪ್ಯಾನ್ ದುರ್ಬಳಕೆಯಾಗಿದೆಯೇ ಅಂತ ನೋಡಲು ಜಿಎಸ್‌ಟಿ ತಾಣದಲ್ಲಿ 'ಪ್ಯಾನ್ ಮೂಲಕ ಹುಡುಕಿ' ಇದೆ. ಸಿಕ್ಕ ನೋಂದಣಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು, 29 ಕರ್ನಾಟಕ, 27 ಮಹಾರಾಷ್ಟ್ರ. ನಂತರದ ಹತ್ತು ಅಕ್ಷರ ಪ್ಯಾನ್. ಅದನ್ನು ಒತ್ತಿದರೆ ಯಾವ ಅಧಿಕಾರಿಯ ವ್ಯಾಪ್ತಿ ಅನ್ನುವುದೂ ಬರುತ್ತದೆ, ದೂರು ಅವರಿಗೆ ಮತ್ತು ಜಿಎಸ್‌ಟಿ ಕುಂದುಕೊರತೆ ಪೋರ್ಟಲ್‌ಗೆ. ಆದರೆ ಬೇರೆಯವರ ಪ್ಯಾನ್, ನಿಮ್ಮ ವಿಳಾಸ ಅಂದರೆ ಈ ಹುಡುಕಾಟದಲ್ಲಿ ಸಿಗುವುದಿಲ್ಲ, ಅಧಿಕಾರಿಯ ಪತ್ರ ಮನೆಗೆ ಬಂದಾಗಲೇ ಗೊತ್ತಾಗುವುದು. ಆ ಪತ್ರವನ್ನು 'ನಮ್ಮದಲ್ಲ' ಅಂತ ಅಂಚೆಯವರಿಗೆ ಹಿಂದಿರುಗಿಸಬೇಡಿ. ಉತಾರ, ತೆರಿಗೆ ರಸೀದಿ, ಕರಾರಿಗೆ ಸಹಿ ಹಾಕಿಲ್ಲ ಅನ್ನುವ ಅಫಿಡವಿಟ್ ಇಟ್ಟು ಉತ್ತರ ಕೊಡಿ. ಅಫಿಡವಿಟ್ ಬರೆಸಲು ಪ್ರಾಧಿಕಾರದ ನೆರವು ಕೇಳಬಹುದು. ಮುಂದೆ ಯಾರಿಗೇ ಬಿಲ್ಲಿನ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡವಾಗಿ 'ಗ್ಯಾಸ್ ಸಂಪರ್ಕಕ್ಕೆ ಮಾತ್ರ' ಅಂತ ಕಾರಣ, ತಾರೀಖು ಬರೆದು, ಅಕ್ಷರಗಳು ಆರ್‌ಆರ್ ನಂಬರಿನ ಮೇಲೆ ಹಾಯುವಂತೆ ಸಹಿ ಮಾಡಿ.

ಬೆಳಗಾವಿಯಲ್ಲಿ ಖಾಯಂ ಜನತಾ ನ್ಯಾಯಾಲಯ ಇದೆ. ವಿದ್ಯುತ್, ನೀರು, ವಿಮೆ, ಬ್ಯಾಂಕ್ ಸೇವೆಯ ತಕರಾರು ಒಂದು ಕೋಟಿ ರೂಪಾಯಿವರೆಗೆ ನೋಡುತ್ತದೆ. ರಾಜಿ ಆಗದಿದ್ದರೆ ತಾನೇ ತೀರ್ಪು ಕೊಡುವ ಅಧಿಕಾರ ಅದಕ್ಕಿದೆ, ತಿಂಗಳುಗಟ್ಟಲೆ ಅಂತರದಲ್ಲಿ ನಡೆಯುವ ಸಾಮಾನ್ಯ ಲೋಕ ಅದಾಲತ್‌ಗೆ ಇಲ್ಲ. ಕೋರ್ಟಿನಲ್ಲಿ ಆಗಲೇ ಕೇಸು ಹಾಕಿದ್ದರೆ ಮಾತ್ರ ಇಲ್ಲಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಇದನ್ನು ಮೊದಲು ಯೋಚಿಸಿ.

ಕೊನೆಗೆ ಬೆರಳಚ್ಚು. ನೋಂದಣಿ ಕಚೇರಿಯ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ತೆಗೆದು ಆಧಾರ್ ಮೂಲಕ ಖಾತೆಯಿಂದ ಹಣ ಎಳೆದ ದೂರುಗಳು 2023ರಲ್ಲಿ ಕರ್ನಾಟಕದಲ್ಲೇ ಬಂದವು. ಮನೆ, ಜಮೀನು ನೋಂದಣಿ ಮಾಡಿಸಿದ ಪ್ರತಿಯೊಬ್ಬರೂ ಆಧಾರ್ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದು ಒಳ್ಳೆಯದು, ಐದು ನಿಮಿಷದ ಕೆಲಸ. ಲಾಕ್ ಮಾಡಿದ ಮೇಲೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ, ಅಂಗಡಿಯವರು ಬೆರಳು ಸವೆದಿದೆ ಅಂತ ವಾಪಸ್ ಕಳಿಸುತ್ತಾರೆ. ಅಂಗಡಿಯ ಸಾಲಿನಲ್ಲಿ ನಿಮ್ಮ ಸರದಿ ಹತ್ತಿರ ಬಂದಾಗ ಮೊಬೈಲಿನಲ್ಲಿ ತಾತ್ಕಾಲಿಕ ಅನ್‌ಲಾಕ್ ಮಾಡಿ, ಹತ್ತು ನಿಮಿಷಕ್ಕೆ ಅದು ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಒಟಿಪಿ ಬೇಕು, ಆದ್ದರಿಂದ ಮನೆಯ ಹಿರಿಯರ ಆಧಾರ್‌ಗೆ ಜೋಡಿಸಿದ ನಂಬರ್ ಅವರ ಕೈಯಲ್ಲಿರುವ ಫೋನಿನದೇ ಇದೆಯೇ ಅಂತ ಮೊದಲು ನೋಡಿ.