ಮ್ಯಾನ್ ಆಫ್ ಸ್ಟೀಲಾ, ಹೊಸ ಸೂಪರ್‌ಮ್ಯಾನಾ?

ಮಡಿಕೇರಿಯಲ್ಲಿ ಮಳೆ ಹಿಡಿದರೆ ಮನೆಯಲ್ಲೇ ಸಿನಿಮಾ, ಅಲ್ವಾ? 2013ರ ಸೂಪರ್‌ಮ್ಯಾನ್ ಸಿನಿಮಾ 'ಮ್ಯಾನ್ ಆಫ್ ಸ್ಟೀಲ್' ನೋಡೋದಾ, ನಿರ್ದೇಶಕ ಜೇಮ್ಸ್ ಗನ್ ಹೊಸದಾಗಿ ಶುರು ಮಾಡಿದ 2025ರ 'ಸೂಪರ್‌ಮ್ಯಾನ್' ನೋಡೋದಾ ಅನ್ನೋರು ಪಕ್ಕದ ಪಾತ್ರಗಳನ್ನು ನೋಡಿ ಆರಿಸಿ.

ಹೊಸದರಲ್ಲಿ ಇನ್ನೊಬ್ಬ ಸೂಪರ್‌ಹೀರೋ ಮಿಸ್ಟರ್ ಟೆರಿಫಿಕ್‌ಗೆ ಅಭಿಮಾನಿಗಳು ಮನಸೋತಿದ್ದಾರೆ. ಖಳನಾಯಕ ಲೂಥರ್‌ನ ಶಿಬಿರದಲ್ಲಿ ಸೂಪರ್‌ಮ್ಯಾನ್‌ನ ಗೆಳತಿ ಲೋಯಿಸ್‌ಳನ್ನು ಕಾಪಾಡಿಕೊಂಡೇ, ಹಾರುವ ಯಂತ್ರದ ಚೆಂಡುಗಳಿಂದ ಅವನು ಒಬ್ಬನೇ ಸೈನಿಕರನ್ನೆಲ್ಲ ಉರುಳಿಸುವ ದೃಶ್ಯ ಒಂದಕ್ಕೇ ಟಿಕೆಟ್ ಕಾಸು ವಸೂಲು. ಆ ಪಾತ್ರ ಮಾಡಿದ ಎಡಿ ಗತೇಗಿ ಮುಖದಲ್ಲಿ ಒಂಚೂರೂ ಆತುರ ಇಲ್ಲ! ಇನ್ನು ಸೂಪರ್‌ಮ್ಯಾನ್ ಜೊತೆಗಿರುವ ಕ್ರಿಪ್ಟೋ ನಾಯಿ. ತೋಟದ ಮನೆಗಳಲ್ಲಿ ನಾಯಿ ಜೊತೆ ಬೆಳೆದ ನಮ್ಮ ಕೊಡಗಿನ ಮಕ್ಕಳಿಗೆ ಅದು ಖಂಡಿತ ಇಷ್ಟ ಆಗುತ್ತದೆ. ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟನ್ ಗ್ರಹದಿಂದ ಅವನ ಹೆತ್ತ ಅಪ್ಪ ಅಮ್ಮ ಕಳಿಸಿದ ಸಂದೇಶ ಬದಲಾಗಿದ್ದಕ್ಕೆ ಮಾತ್ರ ಕೆಲವರಿಗೆ ತುಂಬಾ ಬೇಜಾರಾಯಿತು.

ಹಳೆಯದರಲ್ಲಿ ನಗು ಕಡಿಮೆ, ಗಾಂಭೀರ್ಯ ಜಾಸ್ತಿ. ಮೈಕಲ್ ಶಾನನ್ ಮಾಡಿದ ಖಳನಾಯಕ ಜಾಡ್ ನಿಜಕ್ಕೂ ಭಯ ಹುಟ್ಟಿಸುತ್ತಾನೆ, ಹಾನ್ಸ್ ಜಿಮ್ಮರ್ ಸಂಗೀತವಂತೂ ಮೈ ಜುಮ್ಮೆನ್ನಿಸುತ್ತದೆ. ಆದರೆ ಸುಂಟರಗಾಳಿಯಲ್ಲಿ ಸಾಕು ತಂದೆ ಸಾಯುವುದನ್ನು ಅನೇಕರು ಇವತ್ತಿಗೂ ಒಪ್ಪಿಲ್ಲ, ನಾನೂ ಒಪ್ಪಲ್ಲ.

ಚಿಕ್ಕ ಮಕ್ಕಳಿದ್ದರೆ ಹೊಸದನ್ನೇ ಹಾಕಿ. ದೊಡ್ಡವರೇ ಕೂತು ನೋಡ್ತೀರಾದರೆ ಮ್ಯಾನ್ ಆಫ್ ಸ್ಟೀಲ್, ಸೌಂಡ್ ಜೋರಾಗಿಟ್ಟು.